ಡೈನಮೊ ಇಳಿಸಿ ಆಲ್ಟರ್ನೇಟರ್ ಕೂರಿಸಿದ ಎರಡು ತಿಂಗಳು

ನನ್ನದು 1964ರ ಮಾರಿಸ್ ಮೈನರ್ ಕಾರು. ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಹಳೇ ಕಾಲದ ಯಂತ್ರ ಡೈನಮೊ. ಅದೇ ಕೆಲಸ ಮಾಡುವ ಹೊಸ ಕಾಲದ ಯಂತ್ರ ಆಲ್ಟರ್ನೇಟರ್. ನನ್ನ ಗಾಡಿಯ ಡೈನಮೊ ಇಳಿಸಿ ಆಲ್ಟರ್ನೇಟರ್ ಕೂರಿಸುವ ಕೆಲಸ ಹೋದ ವಾರ ಮುಗಿಯಿತು. ಶುರು ಮಾಡುವಾಗ ಎರಡು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಹಿಡಿದದ್ದು ಎರಡು ತಿಂಗಳಿಗೂ ಜಾಸ್ತಿ. ಅದರಲ್ಲಿ ಸ್ಪ್ಯಾನರ್ ಹಿಡಿದದ್ದು ಏಳೆಂಟು ದಿನ ಇರಬಹುದು. ಉಳಿದದ್ದೆಲ್ಲ ಸಾಮಾನಿಗೆ ಕಾಯುವುದು, ತಪ್ಪು ಎಲ್ಲಿದೆ ಅಂತ ಹುಡುಕುವುದು. ಹಳೇ ಗಾಡಿ ಇಟ್ಟುಕೊಂಡು ಇದೇ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಪಟ್ಟ ಗೊಂದಲ ಬೇಡ. ಅದಕ್ಕೇ ನೆನಪು ಮಾಸುವ ಮೊದಲೇ ಬರೆಯುತ್ತಿದ್ದೇನೆ.

ತೊಂದರೆ ಶುರುವಾಗಿದ್ದು ಒಂದು ಮಳೆಯ ರಾತ್ರಿ. ಹೆಡ್‌ಲೈಟು, ವೈಪರ್, ಹೀಟರ್ ಫ್ಯಾನ್ ಎಲ್ಲ ಹಾಕಿಕೊಂಡು ನಿಧಾನಕ್ಕೆ ಬರುತ್ತಿದ್ದೆವು. ಪಕ್ಕದಲ್ಲಿ ಅಕ್ಕ ಕೂತಿದ್ದಳು. ಪ್ರತಿ ಸಿಗ್ನಲ್ಲಿನಲ್ಲೂ ಗಾಡಿ ನಿಂತಾಗ ಹೆಡ್‌ಲೈಟು ಹಳದಿಗೆ ತಿರುಗುತ್ತಿತ್ತು, ವೈಪರ್ ಅರ್ಧಕ್ಕೇ ತಡವರಿಸುತ್ತಿತ್ತು. ಒಂದು ಕಡೆ ಎಂಜಿನ್ ನಿಂತೇ ಹೋಯಿತು. ಸೆಲ್ಫ್ ಎಳೆದರೆ ಒಂದು ಸಲ ಗೊರ್ ಅಂದು ಸುಮ್ಮನಾಯಿತು. ಮಳೆಯಲ್ಲಿ ನೆನೆಯುತ್ತಾ ಇಬ್ಬರೂ ತಳ್ಳಿ ಸ್ಟಾರ್ಟ್ ಮಾಡಿದೆವು. ಮನೆಗೆ ಬಂದು ಬ್ಯಾಟರಿ ಅಳೆದರೆ 12 ವೋಲ್ಟ್‌ಗಿಂತ ಸ್ವಲ್ಪ ಕಡಿಮೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನೆ ನಿಂತಾಗ 12.6ರಿಂದ 12.7 ತೋರಿಸಬೇಕು. 12ಕ್ಕೆ ಇಳಿದರೆ ಹೆಚ್ಚುಕಡಿಮೆ ಖಾಲಿ ಅಂತಲೇ ಅರ್ಥ.

ಮಾರನೇ ದಿನ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಎರಡು ಹೆಡ್‌ಲೈಟು, ತಲಾ 60 ವ್ಯಾಟ್. ಅದಕ್ಕೇ 10 ಆಂಪಿಯರ್. ಹಿಂದಿನ ದೀಪ, ಪಾರ್ಕಿಂಗ್ ದೀಪ, ನಂಬರ್ ಪ್ಲೇಟ್ ದೀಪ ಸೇರಿ 2. ಇಗ್ನಿಷನ್‌ಗೆ 3-4. ವೈಪರ್, ಹೀಟರ್ ಫ್ಯಾನ್ ಒಂದೊಂದಕ್ಕೂ ಸುಮಾರು 3. ಪೆಟ್ರೋಲ್ ಪಂಪಿಗೆ ಒಂದು. ಒಟ್ಟು 22ರ ಆಸುಪಾಸು. ನನ್ನ ಗಾಡಿಯ ಲೂಕಾಸ್ ಕಂಪನಿಯ ಸಿ40 ಡೈನಮೊ ಚೆನ್ನಾಗಿ ತಿರುಗುವಾಗ ಕೊಡುವುದೇ 22. ಐಡ್ಲಿಂಗ್‌ನಲ್ಲಿ ಏನೂ ಕೊಡುವುದಿಲ್ಲ, ಕಟೌಟ್ (ಡೈನಮೊ ಸಾಕಷ್ಟು ವೋಲ್ಟೇಜ್ ಕೊಡದಿದ್ದಾಗ ಅದನ್ನು ಬ್ಯಾಟರಿಯಿಂದ ಬೇರ್ಪಡಿಸುವ ಸ್ವಿಚ್) ತೆರೆದೇ ಇರುತ್ತದೆ. ಅಂದರೆ ಮಳೆಯ ರಾತ್ರಿ ಸಿಗ್ನಲ್ಲಿನಲ್ಲಿ ನಿಂತಷ್ಟು ಹೊತ್ತು ಇಡೀ ಗಾಡಿ ಬ್ಯಾಟರಿಯನ್ನೇ ತಿನ್ನುತ್ತಿರುತ್ತದೆ. ಡೈನಮೊ ಕೆಟ್ಟಿರಲಿಲ್ಲ. ಅದರ ಶಕ್ತಿಯೇ ಅಷ್ಟು.

ಆಲ್ಟರ್ನೇಟರ್ ಯಾಕೆ ಜಾಸ್ತಿ ಕೊಡುತ್ತದೆ ಅಂತ ಅಕ್ಕ ಕೇಳಿದಳು. ಡೈನಮೊದಲ್ಲಿ ತಯಾರಾದ ಕರೆಂಟಷ್ಟೂ ತಿರುಗುವ ಭಾಗದಿಂದ ಕಮ್ಯುಟೇಟರ್ (ತಿರುಗುವ ತಾಮ್ರದ ಪಟ್ಟಿಗಳ ಉಂಗುರ) ಮತ್ತು ಅದಕ್ಕೆ ಉಜ್ಜುವ ಕಾರ್ಬನ್ ಬ್ರಶ್ ಮೂಲಕವೇ ಹೊರಗೆ ಬರಬೇಕು. ಜೋರಾಗಿ ತಿರುಗಿಸಿದರೆ ಆ ಭಾಗ ತಡೆಯುವುದಿಲ್ಲ. ಆಲ್ಟರ್ನೇಟರ್‌ನಲ್ಲಿ ತಿರುಗುವುದು ಬರೀ ಅಯಸ್ಕಾಂತದ ಸುರುಳಿ. ಬ್ರಶ್‌ಗಳಲ್ಲಿ ಹರಿಯುವುದು ಕೆಲವೇ ಆಂಪಿಯರ್. ದೊಡ್ಡ ಕರೆಂಟು ಹೊರಗಿನ ನಿಂತ ಸುರುಳಿಯಲ್ಲೇ ಹುಟ್ಟಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೂಲಕ ಬರುತ್ತದೆ. ಹಾಗಾಗಿ ಚಿಕ್ಕ ಪುಲ್ಲಿ ಹಾಕಿ ವೇಗವಾಗಿ ತಿರುಗಿಸಬಹುದು, ಕಡಿಮೆ ಆರ್‌ಪಿಎಂನಲ್ಲೇ ಚಾರ್ಜ್ ಶುರುವಾಗುತ್ತದೆ.

ಡಯೋಡ್ ಅಂದ ಕೂಡಲೇ ಮೊದಲ ದೊಡ್ಡ ಅಡ್ಡಿ ಎದುರಾಯಿತು. ನನ್ನ ಗಾಡಿ ಪಾಸಿಟಿವ್ ಅರ್ಥ್. ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಕಟ್ಟಿರುತ್ತದೆ. ನಾನು ಹಾಕಬೇಕೆಂದಿದ್ದ ಆಲ್ಟರ್ನೇಟರ್ ನೆಗೆಟಿವ್ ಅರ್ಥ್‌ನದು. ಉಲ್ಟಾ ಬ್ಯಾಟರಿಗೆ ಜೋಡಿಸಿದರೆ ಡಯೋಡ್‌ಗಳು ಆ ಕ್ಷಣವೇ ಸುಟ್ಟು ಹೋಗುತ್ತವೆ. ಹಾಗಾಗಿ ಮೊದಲು ಇಡೀ ಗಾಡಿಯನ್ನು ನೆಗೆಟಿವ್ ಅರ್ಥ್‌ಗೆ ತಿರುಗಿಸಬೇಕಿತ್ತು.

ಇಲ್ಲಿ ನಾನು ಮಾಡಿದ ಒಂದು ಒಳ್ಳೆಯ ಕೆಲಸ ಹೇಳುತ್ತೇನೆ. ಎರಡನ್ನೂ ಒಟ್ಟಿಗೆ ಮಾಡಲಿಲ್ಲ. ಹಳೇ ಡೈನಮೊ ಇದ್ದ ಹಾಗೇ ಅರ್ಥ್ ಮಾತ್ರ ಬದಲಿಸಿ ಹತ್ತು ದಿನ ಓಡಿಸಿದೆ. ಏನಾದರೂ ಕೈಕೊಟ್ಟರೆ ಅದು ಅರ್ಥ್ ಬದಲಿಸಿದ್ದರಿಂದಲೇ ಅಂತ ಗೊತ್ತಾಗುತ್ತಿತ್ತು. ನೀವೂ ಹೀಗೇ ಮಾಡಿ.

ಕೈ ಹಾಕುವ ಮೊದಲು ಗಾಡಿಯ ಜೊತೆ ಬಂದಿದ್ದ ಪುಸ್ತಕದ ವೈರಿಂಗ್ ಚಿತ್ರವನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆದೆ. ಚಿತ್ರದಲ್ಲಿ ಪ್ರತಿ ವೈರಿಗೂ ಬಣ್ಣ ಇದೆ. ಗಾಡಿಯಲ್ಲಿ ಎಲ್ಲವೂ ಒಂದೇ ಮಣ್ಣಿನ ಬಣ್ಣ! ಬಟ್ಟೆ ಸುತ್ತಿದ ಹಳೇ ವೈರು, ಅರವತ್ತು ವರ್ಷದ ಎಣ್ಣೆ ಜಿಡ್ಡು. ಬ್ಯಾಟರಿ ಕಳಚಿ, ಮಲ್ಟಿಮೀಟರನ್ನು ಎರಡು ತುದಿ ಕೂಡಿದ್ದರೆ ಬೀಪ್ ಅನ್ನುವ ಹಾಗೆ ಇಟ್ಟು, ಒಂದೊಂದೇ ವೈರಿನ ಎರಡು ತುದಿ ಹಿಡಿದು ನೋಡಿ ಕಾಗದದ ಚೀಟಿ ಕಟ್ಟಿದೆ. ಫೋಟೋ ತೆಗೆದೆ, ನೋಟ್‌ಬುಕ್ಕಿನಲ್ಲೂ ಬರೆದೆ. ಒಂದು ಪೂರ್ತಿ ದಿನ ಇದಕ್ಕೇ ಹೋಯಿತು. ಮುಂದೆ ಎಷ್ಟೋ ಸಲ ಆ ಚೀಟಿಗಳೇ ನನ್ನನ್ನು ಕಾಪಾಡಿದವು.

ಅರ್ಥ್ ಬದಲಿಸುವಾಗ ದೀಪಗಳಿಗೆ ಏನೂ ಆಗುವುದಿಲ್ಲ. ಸೆಲ್ಫ್ ಮೋಟಾರೂ ಅದೇ ದಿಕ್ಕಿಗೆ ತಿರುಗುತ್ತದೆ. ಅದರಲ್ಲಿರುವುದು ಕಾಯಂ ಅಯಸ್ಕಾಂತವಲ್ಲ, ಸುರುಳಿ. ನಿಂತ ಸುರುಳಿ, ತಿರುಗುವ ಸುರುಳಿ ಎರಡೂ ಒಟ್ಟಿಗೆ ಉಲ್ಟಾ ಆಗುತ್ತವೆ. ನೋಡಿಕೊಳ್ಳಬೇಕಾದದ್ದು ಇಗ್ನಿಷನ್ ಕಾಯಿಲ್, ಅಂದರೆ ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ವೋಲ್ಟೇಜ್ ಏರಿಸುವ ಸುರುಳಿ. ಅದರ ಎರಡು ಸಣ್ಣ ವೈರುಗಳನ್ನು ಅದಲುಬದಲು ಮಾಡಬೇಕು. ಮಾಡದಿದ್ದರೂ ಗಾಡಿ ಓಡುತ್ತದೆ, ಆದರೆ ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ, ಮಿಸ್ ಹೊಡೆಯಬಹುದು. ಎಲೆಕ್ಟ್ರಾನಿಕ್ ಸಾಮಾನು ಏನೇ ಇದ್ದರೂ ಮೊದಲು ಕಳಚಿಡಿ. ನನ್ನ ಪೆಟ್ರೋಲ್ ಪಂಪಿನ ಒಳಗೆ ಹಳೇ ಪಾಯಿಂಟ್ (ತೆರೆದು ಮುಚ್ಚುವ ಲೋಹದ ತುದಿಗಳು) ಇದೆ ಅಂತಲೇ ನಂಬಿದ್ದೆ. ಪಾಯಿಂಟ್ ಪಂಪಿಗೆ ಪ್ಲಸ್ಸೂ ಒಂದೇ ಮೈನಸ್ಸೂ ಒಂದೇ. ಸುಮ್ನೆ ಒಂದು ಸಲ ನೋಡೋಣ ಅಂತ ಮುಚ್ಚಳ ತೆಗೆದರೆ ಒಳಗೆ ಎಲೆಕ್ಟ್ರಾನಿಕ್ ಬೋರ್ಡು! ಹಿಂದೆ ಗಾಡಿ ಇಟ್ಟುಕೊಂಡಿದ್ದವರು ಯಾವಾಗಲೋ ಹಾಕಿಸಿದ್ದರು. ಅದೂ ಪಾಸಿಟಿವ್ ಅರ್ಥ್‌ಗೆ ಮಾತ್ರ. ನೋಡದೆ ಬ್ಯಾಟರಿ ಕಟ್ಟಿದ್ದರೆ ಅಲ್ಲೇ ಹೋಗುತ್ತಿತ್ತು. ಬದಲಿ ಬೋರ್ಡು ತರಿಸಿಕೊಳ್ಳಲು ಒಂಬತ್ತು ದಿನ ಕಾದೆ.

ಬ್ಯಾಟರಿಯ ಕ್ಲ್ಯಾಂಪುಗಳ ವಿಷಯ ಯಾರೂ ಹೇಳಿರಲಿಲ್ಲ. ಬ್ಯಾಟರಿಯ ಪ್ಲಸ್ ಗೂಟ ಮೈನಸ್ ಗೂಟಕ್ಕಿಂತ ಸ್ವಲ್ಪ ದಪ್ಪ. ಕೇಬಲ್ ಅದಲುಬದಲು ಮಾಡಿದರೆ ಒಂದು ಕ್ಲ್ಯಾಂಪ್ ಇಳಿಯುವುದಿಲ್ಲ, ಇನ್ನೊಂದು ಲೊಡಲೊಡ ಅನ್ನುತ್ತದೆ. ಬಡಿದು ಕೂರಿಸಲು ಹೋಗಬೇಡಿ, ಗೂಟದ ಬುಡ ಒಡೆಯುತ್ತದೆ. ಹೊಸ ಕ್ಲ್ಯಾಂಪ್ ಹಾಕಿ.

ಇನ್ನೊಂದು ಮುಖ್ಯ ಹೆಜ್ಜೆ ಡೈನಮೊಗೆ ಹೊಸ ದಿಕ್ಕು ಕಲಿಸುವುದು. ಡೈನಮೊದ ಕಬ್ಬಿಣದಲ್ಲಿ ಉಳಿದಿರುವ ಸ್ವಲ್ಪ ಅಯಸ್ಕಾಂತ ಶಕ್ತಿಯಿಂದಲೇ ಅದು ಕರೆಂಟು ಹುಟ್ಟಿಸಲು ಶುರು ಮಾಡುವುದು. ಅದು ಹಳೇ ದಿಕ್ಕಿನಲ್ಲೇ ಇದ್ದರೆ ಉಲ್ಟಾ ಚಾರ್ಜ್ ಮಾಡಲು ಹೋಗಿ ಕಟೌಟಿನ ಪಾಯಿಂಟ್‌ಗಳನ್ನು ಸುಡುತ್ತದೆ. ಡೈನಮೊದ ಎರಡೂ ವೈರು ಕಳಚಿದೆ. ಬ್ಯಾಟರಿಯ ಪ್ಲಸ್‌ನಿಂದ ಒಂದು ಉದ್ದ ವೈರು ತಂದು, ಎಫ್ ಅಂತ ಬರೆದ ಚಿಕ್ಕ ಟರ್ಮಿನಲ್‌ಗೆ ಸುಮ್ಮನೆ ತಾಗಿಸಿ ತೆಗೆದೆ. ಚಿಟ್ ಅಂತ ನೀಲಿ ಕಿಡಿ. ಮೂರು ನಾಲ್ಕು ಸಲ ಹಾಗೇ ಮಾಡಿದೆ. ಅಷ್ಟೇ. ಗಾಡಿ ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಕೆಂಪು ಚಾರ್ಜ್ ಲೈಟು (ಬ್ಯಾಟರಿ ಚಾರ್ಜ್ ಆಗದಿದ್ದಾಗ ಉರಿಯುವ ದೀಪ) ಎಂದಿನಂತೆ ಆರಿತು. ಅರವತ್ತು ವರ್ಷದ ಯಂತ್ರ ಒಂದು ಕಿಡಿಯಲ್ಲಿ ದಿಕ್ಕು ಬದಲಿಸಿದ್ದನ್ನು ನೋಡಿ ಮೈ ಜುಂ ಅಂದಿತು. ಆಮೇಲೆ ಕಂಡ ಒಂದೇ ವ್ಯತ್ಯಾಸ ಹೀಟರ್ ಫ್ಯಾನ್ ಉಲ್ಟಾ ತಿರುಗಿದ್ದು. ಅದರ ಎರಡು ವೈರು ಅದಲುಬದಲು ಮಾಡಿದೆ, ಸರಿಹೋಯಿತು. ಅದೇ ವಾರ ಲೋಡ್ ಕಡಿಮೆಯಾಗಲಿ ಅಂತ ಮೀಟರ್ ಬೋರ್ಡಿನ ಬಲ್ಬುಗಳನ್ನೆಲ್ಲ ಎಲ್‌ಇಡಿಗೆ ಬದಲಿಸಿದೆ. ಇದು ಮುಂದೆ ನನಗೆ ಮೂರು ದಿನದ ನಿದ್ದೆ ಕೆಡಿಸಿತು.

ಆಲ್ಟರ್ನೇಟರ್ ಆರಿಸುವಾಗ ಆಸೆಗೆ ಬೀಳಲಿಲ್ಲ. 22 ಆಂಪಿಯರ್ ಲೋಡಿಗೆ 45 ಆಂಪಿಯರ್ ಧಾರಾಳ ಸಾಕು. 90-100ರದ್ದು ಹಾಕಿದರೆ ಅಷ್ಟು ಕರೆಂಟು ಹೊರಲು ಹಳೇ ವೈರುಗಳಿಗೆ ಆಗುವುದಿಲ್ಲ. ಲೂಕಾಸ್ ಎಸಿಆರ್ ಮಾದರಿಯ, ರಿಪೇರಿ ಮಾಡಿ ಹೊಸದರಂತೆ ಮಾಡಿದ್ದು ಸಿಕ್ಕಿತು. ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಅದರ ಒಳಗೇ ಇರುತ್ತದೆ.

ಖರ್ಚು ಹೆಚ್ಚಾಗಿದ್ದು ಎಲ್ಲಿ ಗೊತ್ತಾ? ಆಲ್ಟರ್ನೇಟರ್‌ಗೆ ಅಲ್ಲ, ಅದರ ಸುತ್ತಲಿನ ಸಾಮಾನಿಗೆ. ಡೈನಮೊ ಉದ್ದ, ಆಲ್ಟರ್ನೇಟರ್ ಗಿಡ್ಡ. ಬ್ರಾಕೆಟ್ ಬೇರೆ ಬೇಕು. ತರಿಸಿದ ಬ್ರಾಕೆಟ್ ಕೂರಿಸಿ ಪುಲ್ಲಿಗಳ ಮೇಲೆ ಉದ್ದದ ಸ್ಕೇಲ್ ಇಟ್ಟು ನೋಡಿದರೆ ಆಲ್ಟರ್ನೇಟರ್ ಪುಲ್ಲಿ 4 ಎಂ.ಎಂ. ಮುಂದೆ ನಿಂತಿತ್ತು. ಹಾಗೇ ಬಿಟ್ಟರೆ ಬೆಲ್ಟ್ ಕಿರುಚುತ್ತದೆ, ಬೇಗ ತಿಂದು ಹೋಗುತ್ತದೆ. ಕಳಿಸಿದವರು ಬದಲಾಯಿಸಿ ಕೊಡುತ್ತೇವೆ ಅಂದರು, ಮೂರು ವಾರ ಆದರೂ ಬರಲಿಲ್ಲ. ಕೊನೆಗೆ ವಾಷರ್‌ಗಳನ್ನು ಅಳೆದು ಜೋಡಿಸಿ, ಬೋಲ್ಟಿನ ಆಚೆ ಕಡೆಯಿಂದ ಈಚೆ ಕಡೆಗೆ ಹಾಕಿ ನಾನೇ ಸಾಲಿಗೆ ತಂದೆ. ಹಳೇ ಫ್ಯಾನ್ ಬೆಲ್ಟ್ ಉದ್ದವಾಯಿತು, ಮತ್ತೊಂದು ತಂದೆ. ಎಲ್ಲ ಸೇರಿಸಿದರೆ ಬ್ರಾಕೆಟ್, ಬೆಲ್ಟ್, ವೈರು, ಲಗ್ಗು, ಫ್ಯೂಸು, ಕ್ಲ್ಯಾಂಪು, ಪಂಪಿನ ಬೋರ್ಡು, ವೈರಿನ ತುದಿಗೆ ಲಗ್ಗು ಒತ್ತಿ ಕೂರಿಸುವ ಒಳ್ಳೆಯ ಕ್ರಿಂಪಿಂಗ್ ಇಕ್ಕಳ ಇವುಗಳದೇ ಆಲ್ಟರ್ನೇಟರ್‌ಗಿಂತ ಜಾಸ್ತಿ ಆಯಿತು. ಆಲ್ಟರ್ನೇಟರ್‌ಗೆ ಎಷ್ಟು ಎತ್ತಿಡುತ್ತೀರೋ ಅಷ್ಟೇ ಇನ್ನೊಂದು ಪಾಲು ಮೊದಲೇ ಎತ್ತಿಟ್ಟುಕೊಳ್ಳಿ.

ಬೆಲ್ಟ್ ಬಿಗಿ ಮಾಡುವಾಗ ಉದ್ದದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 13 ಎಂ.ಎಂ. ತಗ್ಗಬೇಕು. ಬಿಗಿ ಮಾಡಲು ಸಲಾಕೆ ಹಾಕಿ ಮೀಟುವುದಾದರೆ ಪುಲ್ಲಿ ಕಡೆಯ ಅಲ್ಯೂಮಿನಿಯಂ ಭಾಗಕ್ಕೆ ಮಾತ್ರ. ನಡುವಿನ ಅಥವಾ ಹಿಂದಿನ ಭಾಗಕ್ಕೆ ಒತ್ತು ಕೊಟ್ಟರೆ ಒಡೆಯುತ್ತದೆ.

ಈಗ ವೈರಿಂಗ್. ಎಲ್ಲರೂ ಇಲ್ಲೇ ಹೆದರುವುದು, ನಾನೂ ಹೆದರಿದ್ದೆ. ನನ್ನ ಹಳೇ ಕಂಟ್ರೋಲ್ ಬಾಕ್ಸಿನಲ್ಲಿ ಐದು ಟರ್ಮಿನಲ್: ಎ, ಎ1, ಎಫ್, ಡಿ, ಇ. ನಾವು ಕಟೌಟ್ ಅನ್ನುವುದು ಇದರೊಳಗೇ ಇರುತ್ತದೆ. ಎ ಗೆ ಬ್ಯಾಟರಿ ಕಡೆಯಿಂದ ಬಂದ ವೈರು. ಎ1ರಿಂದ ಗಾಡಿಯ ದೀಪ, ಇಗ್ನಿಷನ್‌ಗೆ ಹೋಗುವ ವೈರು. ಡಿ ಮತ್ತು ಎಫ್ ಎರಡೂ ಡೈನಮೊಗೆ. ಡಿ ಮೇಲೆ ಚಾರ್ಜ್ ಲೈಟಿನ ತೆಳು ವೈರೂ ಇದೆ. ಇ ಅರ್ಥ್. ಆಲ್ಟರ್ನೇಟರ್‌ಗೆ ಈ ಪೆಟ್ಟಿಗೆಯ ಕೆಲಸವೇ ಬೇಡ. ಎ ಮತ್ತು ಎ1ರ ವೈರುಗಳನ್ನು ತೆಗೆದು ಒಂದೇ ಬೋಲ್ಟಿಗೆ ಭದ್ರವಾಗಿ ಸೇರಿಸಿ, ಮೇಲೆ ಇನ್ಸುಲೇಷನ್ ಹಾಕಿದೆ. ಚಾರ್ಜ್ ಲೈಟಿನ ತೆಳು ವೈರನ್ನು ಡಿ ಯಿಂದ ಬಿಡಿಸಿ ಎಫ್ ವೈರಿಗೆ ಜೋಡಿಸಿದೆ. ಎಫ್ ವೈರಿನ ಇನ್ನೊಂದು ತುದಿ ಹೇಗೂ ಡೈನಮೊ ಇದ್ದ ಜಾಗದಲ್ಲೇ ಇದೆ ಅಲ್ವಾ? ಅದನ್ನು ಆಲ್ಟರ್ನೇಟರ್‌ನ ಇಂಡ್ ಅಂತ ಬರೆದ ಚಿಕ್ಕ ಪಟ್ಟಿಗೆ ಹಾಕಿದೆ. ಹೊಸ ವೈರು ಎಳೆಯದೆ ಚಾರ್ಜ್ ಲೈಟಿನ ಕೆಲಸ ಮುಗಿಯಿತು. ಹಳೇ ದಪ್ಪ ಡಿ ವೈರನ್ನು ಎರಡೂ ಕಡೆ ಕಳಚಿ ತುದಿ ಮುಚ್ಚಿದೆ. ಅದು 22 ಆಂಪಿಯರ್ ಡೈನಮೊಗೆ ಅಂತ ಹಾಕಿದ್ದು, 45 ಹೊರುವುದಿಲ್ಲ. ಪೆಟ್ಟಿಗೆಯನ್ನು ನೋಟಕ್ಕಾಗಿ ಅಲ್ಲೇ ಬಿಟ್ಟಿದ್ದೇನೆ.

ಮುಖ್ಯ ಕರೆಂಟಿಗೆ ಹೊಸ ವೈರು ಎಳೆದೆ. ನನ್ನ ಆಲ್ಟರ್ನೇಟರ್‌ಗೆ ಹಿಂದೆ ಎರಡು ಅಗಲ ಪಟ್ಟಿಗಳಿವೆ. ಎರಡೂ ಒಳಗೆ ಒಂದೇ ಅಂತ ಮಲ್ಟಿಮೀಟರ್‌ನಲ್ಲಿ ಖಾತ್ರಿ ಮಾಡಿಕೊಂಡೆ. ಎಲ್ಲಾ ಮಾದರಿಯಲ್ಲೂ ಹಾಗಿರುವುದಿಲ್ಲ, ನೀವೂ ನೋಡಿಕೊಳ್ಳಿ. ಒಂದೊಂದಕ್ಕೂ 6 ಚದರ ಎಂ.ಎಂ.ನ ಒಂದೊಂದು ವೈರು ಕ್ರಿಂಪ್ ಮಾಡಿ, ಎರಡನ್ನೂ ಒಂದೇ ಕೊಳವೆಯಲ್ಲಿ ಕರೆದುಕೊಂಡು ಹೋಗಿ, ಸೆಲ್ಫ್ ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚಾದ ಸೊಲೆನಾಯ್ಡ್‌ನಲ್ಲಿ ಬ್ಯಾಟರಿ ಕೇಬಲ್ ಬರುವ ಬೋಲ್ಟಿಗೆ, 60 ಆಂಪಿಯರ್ ಫ್ಯೂಸಿನ ಮೂಲಕ ಸೇರಿಸಿದೆ. ಫ್ಯೂಸ್ ಬ್ಯಾಟರಿ ತುದಿಗೆ ಹತ್ತಿರವೇ ಇರಲಿ. ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿ ಹಚ್ಚುವುದು ಬ್ಯಾಟರಿಯೇ.

ಸಂಜೆ ಹೊತ್ತಿಗೆ ಎಲ್ಲ ಮುಗಿಸಿ ಬ್ಯಾಟರಿ ಕಟ್ಟಿದೆ. ಅಕ್ಕ ಸ್ಟೀರಿಂಗ್ ಹಿಂದೆ ಕೂತಳು. ಕೀ ತಿರುಗಿಸಿದಾಗ ಕೆಂಪು ಲೈಟು ಬಂತು. ಎಂಜಿನ್ ಹಿಡಿಯಿತು. ಲೈಟು ಆರಲಿಲ್ಲ. ಬ್ಯಾಟರಿ ಮೇಲೆ 12.3. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಒಮ್ಮೆಲೇ ಲೈಟು ಆರಿ 13ರ ಮೇಲೆ ಹೋಯಿತು. ಮತ್ತೆ ಆಫ್ ಮಾಡಿ ಆನ್ ಮಾಡಿದರೆ ಅದೇ ಕಥೆ. ಆಲ್ಟರ್ನೇಟರ್ ಕೆಟ್ಟದ್ದೇ ಬಂದಿದೆ ಅಂತ ತೀರ್ಮಾನಿಸಿಬಿಟ್ಟೆ. ವಾಪಸು ಕಳಿಸಲು ಪೆಟ್ಟಿಗೆಗೂ ಹಾಕಿದ್ದೆ. ಮೂರನೇ ದಿನ ಎಲ್‌ಇಡಿ ನೆನಪಾಯಿತು.

ಆಲ್ಟರ್ನೇಟರ್ ಶುರುವಾಗಲು ಒಳಗಿನ ಸುರುಳಿಗೆ ಮೊದಲು ಹೊರಗಿನಿಂದ ಸ್ವಲ್ಪ ಕರೆಂಟು ಬೇಕು. ಅದು ಬರುವುದೇ ಚಾರ್ಜ್ ಲೈಟಿನ ಬಲ್ಬಿನ ಮೂಲಕ. 2.2 ವ್ಯಾಟಿನ ಹಳೇ ಬಲ್ಬು 0.18 ಆಂಪಿಯರ್ ಬಿಡುತ್ತದೆ. ಎಲ್‌ಇಡಿ ಅದರ ಹತ್ತನೇ ಒಂದು ಪಾಲೂ ಬಿಡುವುದಿಲ್ಲ. ಡೈನಮೊಗೆ ಇದರ ಅಗತ್ಯ ಇರಲಿಲ್ಲ, ಹಾಗಾಗಿ ಆಗ ಗೊತ್ತಾಗಲಿಲ್ಲ. ಆಲ್ಟರ್ನೇಟರ್ ಮತ್ತೆ ಕೂರಿಸಿ, ಹಳೇ ಬಲ್ಬು ಹುಡುಕಿ ಹಾಕಿದೆ. ಕೀ, ಸೆಲ್ಫ್, ಎಂಜಿನ್ ಹಿಡಿದ ಕೂಡಲೇ ಲೈಟು ಆರಿತು. ಈಗ ಗಾಡಿಯಲ್ಲಿ ಅದೇ ಬಲ್ಬಿನದು ಇನ್ನೆರಡು ಸದಾ ಇಟ್ಟಿರುತ್ತೇನೆ. ಈ ಬಲ್ಬು ಸುಟ್ಟರೆ ಚಾರ್ಜಿಂಗೂ ನಿಲ್ಲಬಹುದು.

ಖುಷಿ ಒಂದು ಗಂಟೆಯೂ ಉಳಿಯಲಿಲ್ಲ. ಹೆಡ್‌ಲೈಟ್ ಹಾಕಿ 2000 ಆರ್‌ಪಿಎಂನಲ್ಲಿ ಅಳೆದರೆ ಬ್ಯಾಟರಿ ಮೇಲೆ 13.3 ಮಾತ್ರ. ಆಲ್ಟರ್ನೇಟರ್ ಹಿಂದೆಯೇ ಅಳೆದರೆ 14.2. ಮುಕ್ಕಾಲು ವೋಲ್ಟಿಗೂ ಜಾಸ್ತಿ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಹೊಸ ವೈರು, ಹೊಸ ಲಗ್ಗು. ಮತ್ತೆ ಮತ್ತೆ ಕ್ರಿಂಪ್ ನೋಡಿದೆ.

ಉತ್ತರ ಸಿಕ್ಕಿದ್ದು ಅಕ್ಕನಿಗೆ. ಮಾರನೇ ಬೆಳಿಗ್ಗೆ ಗಾಡಿ ತಣ್ಣಗಿತ್ತು, ಸೆಲ್ಫ್ ಸ್ವಲ್ಪ ಹೊತ್ತು ಎಳೆಯಬೇಕಾಯಿತು. ಚೋಕ್ ಒಳಗೆ ತಳ್ಳಲು ಹೋದವಳು ಕೈ ಝಾಡಿಸಿದಳು. "ಏನೋ ಇದು, ಚೋಕ್ ಇಷ್ಟು ಬಿಸಿ ಇದೆ?" ನಾನು ಬಾನೆಟ್ ಒಳಗೆ ಕೈ ಹಾಕಿ ಚೋಕ್ ಕೇಬಲಿನ ಹೊರಕವಚ ಮುಟ್ಟಿದೆ. ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗಿತ್ತು.

ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ. ಅದರ ಕರೆಂಟು ಬಾಡಿಗೆ ವಾಪಸು ಬರಲು ಹೆಣೆದ ತಾಮ್ರದ ಅರ್ಥ್ ಪಟ್ಟಿಯೊಂದು ಇರುತ್ತದೆ. ಆ ಪಟ್ಟಿ ಕೆಲಸ ಮಾಡದಿದ್ದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ, ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹೀಗೆ. ಗಾಡಿ ಕೆಳಗೆ ಮಲಗಿ ನೋಡಿದೆ. ನನ್ನ ಗಾಡಿಯಲ್ಲಿ ಪಟ್ಟಿ ಗೇರ್‌ಬಾಕ್ಸಿನ ಹತ್ತಿರ ಇದೆ. ಅರ್ಧ ಎಳೆಗಳು ಹಸಿರು ಪುಡಿಯಾಗಿದ್ದವು. ಬೋಲ್ಟಿನ ಕೆಳಗೆ ದಪ್ಪ ಬಣ್ಣ. ಹಿಂದೆ ಯಾವಾಗಲೋ ಗಾಡಿಗೆ ಪೇಂಟ್ ಹೊಡೆದವರು ಅದರ ಮೇಲೂ ಹೊಡೆದಿದ್ದರು. ಮಲ್ಟಿಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್ ಗೂಟಕ್ಕೆ ಇಟ್ಟು ಎಂಜಿನ್ ಓಡಿಸಿದೆ. 0.8 ವೋಲ್ಟ್. ಅಲ್ಲಿ ಇರಬೇಕಾದದ್ದು 0.1ರ ಒಳಗೆ. ಪ್ಲಸ್ ಕಡೆ ಅದೇ ಪರೀಕ್ಷೆ ಮಾಡಿದರೆ 0.1. ನನ್ನ ಹೊಸ ವೈರಿನಲ್ಲಿ ಏನೂ ತಪ್ಪಿರಲಿಲ್ಲ.

ಹೊಸ ಪಟ್ಟಿ ತಂದೆ. ಬೋಲ್ಟ್ ಕೂರುವ ಜಾಗವನ್ನು ಎಮರಿ ಕಾಗದದಲ್ಲಿ ಉಜ್ಜಿ ಉಜ್ಜಿ ಬಿಳಿ ಕಬ್ಬಿಣ ಕಾಣುವ ಹಾಗೆ ಮಾಡಿದೆ. ಹಲ್ಲಿನ ವಾಷರ್ ಹಾಕಿ ಬಿಗಿದು ಮೇಲೆ ವ್ಯಾಸಲೀನ್ ಸವರಿದೆ. ಬ್ಯಾಟರಿಯಿಂದ ಬಾಡಿಗೆ ಬರುವ ಕೇಬಲಿನ ಬುಡಕ್ಕೂ ಅದೇ ಉಪಚಾರ. ಮತ್ತೆ ಅಳೆದರೆ 0.05. ಬ್ಯಾಟರಿ ಮೇಲೆ 14.1. ಹೆಡ್‌ಲೈಟಿನ ಬೆಳಕು ಬಿಳಿಯಾಗಿದ್ದು ಕಣ್ಣಿಗೇ ಕಾಣುತ್ತಿತ್ತು. ಸೆಲ್ಫ್ ತಿರುಗುವ ಸದ್ದೇ ಬದಲಾಯಿತು. ಈ ಪಟ್ಟಿಯನ್ನು ಮೊದಲ ದಿನವೇ ನೋಡಿದ್ದರೆ ಆ ಮಳೆಯ ರಾತ್ರಿ ತಳ್ಳುವುದಾದರೂ ತಪ್ಪುತ್ತಿತ್ತೇನೋ. ನೀವು ಒಂದು ಸಾಮಾನನ್ನೂ ಕೊಳ್ಳುವ ಮೊದಲು ಮೈನಸ್ ಕಡೆ, ಪ್ಲಸ್ ಕಡೆ ಈ ಎರಡು ಅಳತೆ ಮಾಡಿ.

ಕೊನೆಗೆ ಇನ್ನೆರಡು ಪರೀಕ್ಷೆ ಮಾಡಿದೆ. ಎಂಜಿನ್ ಓಡುವಾಗ ಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ ಬ್ಯಾಟರಿ ಮೇಲೆ ಇಟ್ಟೆ, 0.03 ಬಂತು. ಅರ್ಧ ವೋಲ್ಟ್ ಹತ್ತಿರ ಬಂದರೆ ಯಾವುದೋ ಡಯೋಡ್ ಹೋಗಿದೆ ಅಂತ. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಬ್ಯಾಟರಿಯ ಸಾಲಿನಲ್ಲಿ ಮಿಲಿಆಂಪಿಯರ್ ನೋಡಿದೆ. ಹೆಚ್ಚುಕಡಿಮೆ ಸೊನ್ನೆ. ಒಂದು ಎಚ್ಚರಿಕೆ: ಚಾರ್ಜ್ ಆಗುತ್ತಿದೆಯಾ ನೋಡೋಣ ಅಂತ ಎಂಜಿನ್ ಓಡುವಾಗ ಬ್ಯಾಟರಿ ಕ್ಲ್ಯಾಂಪ್ ತೆಗೆಯಬೇಡಿ. ಡೈನಮೊ ಕಾಲದ ಅಭ್ಯಾಸ ಅದು. ವೋಲ್ಟೇಜ್ ಒಮ್ಮೆಲೇ ಏರಿ ಡಯೋಡ್, ರೆಗ್ಯುಲೇಟರ್ ಎರಡನ್ನೂ ಕೊಲ್ಲುತ್ತದೆ. ಗಾಡಿಗೆ ವೆಲ್ಡಿಂಗ್ ಮಾಡಿಸುವಾಗಲೂ ಆಲ್ಟರ್ನೇಟರ್‌ನ ಪ್ಲಗ್ ಕಳಚಿಡಿ.

ಹೋದ ವಾರ ಮಳೆ ಬಂದ ರಾತ್ರಿ ಬೇಕಂತಲೇ ಗಾಡಿ ತೆಗೆದೆವು. ದೀಪ, ವೈಪರ್, ಫ್ಯಾನ್ ಎಲ್ಲ ಹಾಕಿದೆವು. ಅಕ್ಕ ಮೀಟರ್ ಹಿಡಿದು ಕೂತಿದ್ದಳು. ಪ್ರತಿ ಸಿಗ್ನಲ್ಲಿನಲ್ಲೂ ಗಟ್ಟಿಯಾಗಿ ಓದುತ್ತಿದ್ದಳು: "13.1... 13.0... 13.1." ಹೊರಟರೆ 14. ಮೊದಲು ನಿಂತಾಗ 11.8ಕ್ಕೆ ಇಳಿಯುತ್ತಿತ್ತು. ವೈಪರ್ ಒಂದು ಸಲವೂ ತಡವರಿಸಲಿಲ್ಲ.

ಹೊಸ ವೈರಿಂಗಿನ ಚಿತ್ರವನ್ನು ಕೈಯಲ್ಲೇ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹಳೇ ಪುಸ್ತಕದೊಳಗೆ ಇಟ್ಟಿದ್ದೇನೆ. ಬಾನೆಟ್ ಕೆಳಗೆ, ಬ್ಯಾಟರಿಯ ಪಕ್ಕದಲ್ಲಿ 'ನೆಗೆಟಿವ್ ಅರ್ಥ್' ಅಂತ ದಪ್ಪ ಅಕ್ಷರದ ಚೀಟಿ ಅಂಟಿಸಿದ್ದೇನೆ. ನನ್ನ ನಂತರ ಈ ಗಾಡಿಗೆ ಕೈ ಹಾಕುವವರು ಹಳೇ ಪುಸ್ತಕ ನಂಬಿ ಬ್ಯಾಟರಿ ಉಲ್ಟಾ ಕಟ್ಟಬಾರದು. ಡೈನಮೊ ಎಸೆದಿಲ್ಲ. ಹಿಂದಿನ ಬೇರಿಂಗಿನ ತೂತಿಗೆ ಎರಡು ಹನಿ ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ, ಯಾವ ಅರ್ಥ್‌ಗೆ ತಿರುಗಿಸಿದ್ದು ಅಂತ ಚೀಟಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇನೆ.